ಮೆಟ್ಟಿಲಿಲ್ಲದ ಮನೆ

ಟಿಕೆಟ್ ಕೊಳ್ಳದೆ ಬಸ್ಸಿನಲ್ಲಿ ಕೂತವರ ಕತ್ತು ಬೇರೆ ಥರ ಇರುತ್ತದೆ ಎಂದು ಸಾಹೇಬರು ಹೇಳುತ್ತಿದ್ದರು. ಬಾಯಿ ಸುಳ್ಳು ಹೇಳುತ್ತದೆ, ಕಣ್ಣೂ ಹೇಳಬಹುದು, ಆದರೆ ಕತ್ತು ಮಾತ್ರ ಬಿಗಿಯಾಗಿ ಕಿಟಕಿಯ ಕಡೆ ತಿರುಗಿಕೊಂಡು ನಿಜ ಒಪ್ಪಿಕೊಂಡುಬಿಡುತ್ತದಂತೆ. ಬಸ್ಸುಗಳನ್ನು ಹತ್ತಿ ಇಳಿದು ಟಿಕೆಟ್ ತಪಾಸಣೆ ಮಾಡುತ್ತಲೇ ತಲೆ ನರೆಸಿಕೊಂಡವರು ಅವರು. ನಿವೃತ್ತರಾಗಿ ವರ್ಷಗಳು ಕಳೆದಿದ್ದರೂ ಬೀದಿಯವರ ಬಾಯಲ್ಲಿ ಚೆಕಿಂಗ್ ಸಾಹೇಬರೇ. ಅವರು ಕೆಲಸ ಬಿಟ್ಟಿದ್ದರು, ಕಸಬು ಅವರನ್ನು ಬಿಟ್ಟಿರಲಿಲ್ಲ. ತರಕಾರಿಯವನ ತಕ್ಕಡಿ, ಎದುರು ಮನೆಗೆ ಬರುವ ನೆಂಟರು, ಮೊಮ್ಮಗಳ ಫೋನಿನ ಮೇಲೆ ಬಂದ ಹೊಸ ಕವರು, ಯಾವುದೂ ಅವರ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ.

ಆ ಬೇಸಿಗೆಯಲ್ಲಿ ಅವರದೇ ಮನೆಯಲ್ಲಿ ಎರಡು ಕತ್ತುಗಳು ಬಿಗಿಯಾದವು. ಒಂದು ಮಗನದು, ಇನ್ನೊಂದು ಸೊಸೆಯದು.

ಅವರಿದ್ದದ್ದು ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಲಿಫ್ಟು ಎಂಬ ಸೌಕರ್ಯ ಆ ಕಟ್ಟಡಕ್ಕೆ ಗೊತ್ತೇ ಇರಲಿಲ್ಲ. ಮಗ ಎಲೆಕ್ಟ್ರಿಷಿಯನ್, ಕೆಲಸ ಬಲ್ಲವನು, ಮಾತು ಕಡಿಮೆ. ಸೊಸೆ ಮನೆಯಲ್ಲೇ ಕೂತು ಬಟ್ಟೆ ಅಂಗಡಿಯೊಂದಕ್ಕೆ ಕೋಟು ಪ್ಯಾಂಟುಗಳನ್ನು ಬಿಚ್ಚಿ ಅಳತೆಗೆ ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಅಂಗಡಿಯವನಿಗೇ ಗೊತ್ತಾಗುತ್ತಿರಲಿಲ್ಲ. ಮೊಮ್ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು, ಪರೀಕ್ಷೆ ತಲೆಯ ಮೇಲೆ ಕೂತಿತ್ತು. ಸಾಹೇಬರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಅದೇ ಊರಿನ ಇನ್ನೊಂದು ಕೊನೆಯಲ್ಲಿದ್ದಳು. ದಿನವೂ ಅಪ್ಪನಿಗೆ ಫೋನು ಮಾಡುತ್ತಿದ್ದಳು, ಅಪರೂಪಕ್ಕೊಮ್ಮೆ ಬರುತ್ತಿದ್ದಳು.

ಸೆಕೆ ಆಗಷ್ಟೇ ಏರುತ್ತಿದ್ದ ಒಂದು ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ ಮಗ ತಟ್ಟೆಯಿಂದ ಕಣ್ಣೆತ್ತದೆ, ಕೆರೆಯ ಆಚೆ ದಂಡೆಯಲ್ಲಿ ಒಂದು ಸೈಟು ತಗೊಂಡಿದ್ದೀವಿ ಎಂದ. ಹಿಂದಿನವರು ಅರ್ಧ ಕಟ್ಟಿ ಬಿಟ್ಟ ಎರಡು ಕೋಣೆಗಳಿವೆಯಂತೆ, ಸರಿಮಾಡಿಕೊಂಡರೆ ರಜೆಯಲ್ಲಿ ಹೋಗಿಬರಲು ಚೆನ್ನಾಗಿರುತ್ತದಂತೆ.

"ನಮಗೆ ರಜೆ ಮನೆಯಾ?" ಎಂದರು ಸಾಹೇಬರು. "ನಿನಗೆ ರಜೆ ಎಲ್ಲಿದೆ? ಭಾನುವಾರವೂ ಯಾರದ್ದೋ ಫ್ಯಾನು ತಿರುಗ್ತಿಲ್ಲ ಅಂತ ಓಡ್ತೀಯ."

"ಮುಂದೆ ಮಾಡ್ಕೋಬಹುದು ಅಪ್ಪ."

ದುಡ್ಡು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಮಗ ಉತ್ತರಿಸುವ ಮೊದಲೇ ಸೊಸೆ, ಕೂಡಿಟ್ಟಿದ್ದೂ ಇತ್ತು, ಹೊಲಿಗೆ ಮಿಷಿನ್ನೂ ಕೊಟ್ಟೆ ಎಂದಳು. ಸಾಹೇಬರು ತುತ್ತು ಬಾಯಿಗೆ ಹಾಕದೆ ಅವಳನ್ನೇ ನೋಡಿದರು. ರಿಪೇರಿಗೆ ಹೋಗಿದೆ ಎಂದಿದ್ದ ಆ ಮಿಷಿನ್ನನ್ನು ಅವಳು ಮೊಮ್ಮಗಳಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅನ್ನ ಕೊಡುವ ಯಂತ್ರ ಮಾರಿ ಕಲ್ಲುಭೂಮಿ ಕೊಂಡವರನ್ನು ತಾನು ಇದೇ ಮೊದಲು ನೋಡುತ್ತಿರುವುದು ಎಂದರು. ಸೊಸೆ ನಕ್ಕು, ಬೆನ್ನು ನೋವು ಮಾವ, ಸಾಕಾಯ್ತು ಎಂದಳು. ಆದರೆ ಅವಳ ಕತ್ತು ಅಡುಗೆಮನೆಯ ಕಡೆ ತಿರುಗಿತ್ತು.

ಮೊಮ್ಮಗಳಿಗೊಬ್ಬಳಿಗೇ ನಿಜವಾದ ಖುಷಿ. ಪರೀಕ್ಷೆ ಮುಗಿದ ಮೇಲೆ ಗೆಳತಿಯರನ್ನೆಲ್ಲ ಕರೆದುಕೊಂಡು ಹೋಗುತ್ತೇನೆ ಎಂದು ಆಗಲೇ ಕುಣಿಯತೊಡಗಿದ್ದಳು.

ಮುಂದಿನ ವಾರ ಎಲ್ಲರೂ ಮಗನ ಸಾಮಾನಿನ ಗಾಡಿಯಲ್ಲಿ, ವೈರಿನ ಸುರುಳಿಗಳ ನಡುವೆ ಒತ್ತಿಕೊಂಡು ಕೂತು ಸೈಟು ನೋಡಲು ಹೋದರು. ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗುವಲ್ಲಿ ಬಣ್ಣ ಮಾಸಿದ ಫಲಕವೊಂದು ನಿಮ್ಮ ಕನಸಿನ ರಜೆ ಮನೆ ಎಂದು ಕೂಗುತ್ತಿತ್ತು. ಕನಸು ಕಂಡವರು ಹೆಚ್ಚು ಮಂದಿ ಇದ್ದ ಹಾಗೆ ಕಾಣಲಿಲ್ಲ. ಅಲ್ಲೊಂದು ಇಲ್ಲೊಂದು ಮನೆ, ಉಳಿದದ್ದೆಲ್ಲ ಮುಳ್ಳು. ಕೆರೆ ಬಿಸಿಲಿಗೆ ಹಿಂದೆ ಸರಿದು, ಬಿರುಕುಬಿಟ್ಟ ಕೆಸರನ್ನು ದಂಡೆಯುದ್ದಕ್ಕೂ ಬಿಟ್ಟುಹೋಗಿತ್ತು. ಇವರ ಸೈಟಿನಲ್ಲಿ ಸೊಂಟದೆತ್ತರ ಒಣಹುಲ್ಲು, ಯಾರೋ ಸುರಿದು ಹೋದ ಕಟ್ಟಡದ ಕಸ, ಒಂದು ಕೈಪಂಪು, ಮೇಲೆ ತಗಡು ಹೊದಿಸಿದ ಎರಡು ಕೋಣೆ. ತಗಡು ಕಾದು ಟಣ್ ಟಣ್ ಎಂದು ತನ್ನಷ್ಟಕ್ಕೆ ಸಿಡಿಯುತ್ತಿತ್ತು.

ಅಂದಿನಿಂದ ವಾರದ ಕೊನೆಯೆಲ್ಲ ಅಲ್ಲೇ. ಮಗ ಮುಳ್ಳು ಕಡಿದ, ಮೊಮ್ಮಗಳು ಕಸ ಗುಡ್ಡೆ ಹಾಕಿದಳು, ಸಾಹೇಬರು ತಲೆಗೆ ಒದ್ದೆ ಟವೆಲ್ ಕಟ್ಟಿಕೊಂಡು ಕಲ್ಲು ಹೊತ್ತರು. ಸೊಸೆ ಮಾತ್ರ ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಅದು ಅಲ್ಲಿರಲಿ, ಇದು ಇಲ್ಲಿರಲಿ ಎಂದು ಬೆರಳು ತೋರಿಸುತ್ತಿದ್ದಳು. ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೌತೆಕಾಯಿ. ಅದನ್ನೂ ಮೊಮ್ಮಗಳೇ ಹೆಚ್ಚಿ ಬಡಿಸಬೇಕು. ಮಹಾರಾಣಿ ಎಂದು ಸಾಹೇಬರು ಮನಸ್ಸಿನಲ್ಲೇ ಅಂದುಕೊಂಡರು.

ಮನೆಯಲ್ಲೂ ಹಾಗೇ ಆಗತೊಡಗಿತು. ಬೆಳಿಗ್ಗೆ ಬರುತ್ತಿದ್ದ ಚಹಾದ ಲೋಟ ಅರ್ಧಕ್ಕಿಳಿಯಿತು. ಮುಂಚೆ ಅಂಚಿನವರೆಗೆ ತುಂಬಿ ತರುತ್ತಿದ್ದವಳು ಈಗ ಅರ್ಧ ಲೋಟ ತಂದು, ಇಡುವಾಗಲೂ ಟಕ್ ಎಂದು ಸದ್ದು ಮಾಡಿ ಇಟ್ಟು ಹೋಗುತ್ತಿದ್ದಳು. ತರಕಾರಿಯ ಬುಟ್ಟಿ ಬಂದು ಸಾಹೇಬರ ಮುಂದೆ ಕೂತಿತು. ಪೇಪರು ಓದ್ತಾ ಹಾಗೇ ಬಿಡಿಸಿಕೊಡಿ ಮಾವ ಎಂದಳು. ಒಂದು ವಾರ ಕಳೆದ ಮೇಲೆ ಹೆಚ್ಚಿಯೂ ಕೊಡಿ ಎಂದಳು. ಡಬ್ಬಿಯ ಮುಚ್ಚಳ ತೆಗೆಯಲು, ಕುಕ್ಕರಿನ ಮುಚ್ಚಳ ತಿರುಗಿಸಲು ಅವರನ್ನೇ ಕೂಗತೊಡಗಿದಳು. ಸಾಹೇಬರು ಎಲ್ಲ ಮಾಡಿಕೊಟ್ಟರು, ಎಲ್ಲವನ್ನೂ ಮನಸ್ಸಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟರು.

ಫೋನಿನಲ್ಲಿ ಮಗಳು ಅದಕ್ಕೆ ಒಗ್ಗರಣೆ ಹಾಕಿದಳು. ಕೂತು ತಿನ್ನೋನು ಅಂತ ನಿನಗೆ ತೋರಿಸ್ತಿದ್ದಾರೆ ಅಪ್ಪ, ಅರ್ಥ ಆಗಲ್ವಾ ಎಂದಳು. ಆ ರಜೆ ಮನೆಯ ವಿಚಾರವೇ ತನಗೆ ಸರಿಕಾಣುತ್ತಿಲ್ಲ, ಯಾವುದಕ್ಕೂ ಹುಷಾರಾಗಿರು ಎಂದೂ ಸೇರಿಸಿದಳು. ಸಾಹೇಬರು ಮಗಳನ್ನು ಗದರಿದರು. ಗದರಿದ ಮೇಲೆ ಫೋನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಸೆಕೆ ಹೆಚ್ಚಾಯಿತು. ಸೈಟಿನಲ್ಲಿ ಗಾರೆ ಕೆಲಸ ಶುರುವಾಯಿತು. ಮೇಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ ಮುಂಬಾಗಿಲ ಚೌಕಟ್ಟು ಕಿತ್ತು ಗೋಡೆ ಕತ್ತರಿಸಿದ್ದು. ಇದ್ದ ಬಾಗಿಲು ಗಟ್ಟಿಮುಟ್ಟಾಗೇ ಇತ್ತಲ್ಲ ಎಂದು ಸಾಹೇಬರು ಕೇಳಿದಾಗ, ಅಗಲ ಮಾಡ್ಬೇಕಂತೆ, ಹೊಸ್ತಿಲೂ ಬೇಡವಂತೆ ಎಂದ. ಮುಂದಿನ ವಾರ ಹೋದರೆ ಸ್ನಾನದ ಕೋಣೆಯ ಗೋಡೆಗೆ ಸ್ಟೀಲಿನ ಹಿಡಿಗಳು ಬಂದಿದ್ದವು. ಮಗ ಸ್ವಿಚ್ಚುಗಳನ್ನೆಲ್ಲ ಸೊಂಟದ ಕೆಳಗೆ ಕೂರಿಸುತ್ತಿದ್ದ. ಯಾಕೋ ಇಷ್ಟು ಕೆಳಗೆ ಎಂದರೆ, ಈಗ ಫ್ಯಾಷನ್ನು ಹಾಗೇ ಅಪ್ಪ ಎಂದ. ಇಡೀ ಊರಿಗೆ ಭುಜದೆತ್ತರ ಸ್ವಿಚ್ಚು ಹಾಕಿ ಬಂದವನು.

ಕೊನೆಗೆ ಮೇಸ್ತ್ರಿ ಬಾಗಿಲ ಮುಂದಿದ್ದ ಮೆಟ್ಟಿಲುಗಳನ್ನು ಒಡೆದು ಇಳಿಜಾರಿಗೆ ದಾರ ಕಟ್ಟಿದ. ಮಗ ದೂರದಲ್ಲಿ ತಂತಿ ಬೇಲಿ ಎಳೆಯುತ್ತಿದ್ದ. ಸಾಹೇಬರು ಮೇಸ್ತ್ರಿಯ ಪಕ್ಕ ಕಲ್ಲೊಂದರ ಮೇಲೆ ಕೂತು, ಅವನಿಗೊಂದು ಹೋಳು ಕಲ್ಲಂಗಡಿ ಕೊಟ್ಟು, ಹಳೆಯ ದಿನಗಳಲ್ಲಿ ಕಂಡಕ್ಟರುಗಳ ಬಾಯಿ ಬಿಡಿಸುತ್ತಿದ್ದ ದನಿಯಲ್ಲಿ ವಿಚಾರಿಸಿದರು. ಮೇಸ್ತ್ರಿ ಬೀಜ ಉಗುಳುತ್ತ, ವೀಲ್‌ಚೇರ್ ಸರಾಗವಾಗಿ ಹೋಗ್ಬೇಕು ಅಂದಿದ್ದಾರೆ ಎಂದ. ಆಮೇಲೆ ಸಾಹೇಬರ ಮೊಣಕಾಲಿನ ಕಡೆ ನೋಡಿ, ಪಾಪ, ನಿಮ್ಮ ಮಗ ಒಳ್ಳೆಯವರು ಬಿಡಿ ಎಂದ.

ಸಾಹೇಬರು ಪಂಚೆ ಎಳೆದು ಮೊಣಕಾಲು ಮುಚ್ಚಿಕೊಂಡರು.

ಹಿಂದಿನ ಮಳೆಗಾಲದಲ್ಲಿ ಬಸ್ ನಿಲ್ದಾಣದಲ್ಲಿ ಅವರು ಜಾರಿ ಬಿದ್ದಿದ್ದರು. ಬಲಮೊಣಕಾಲು ಅಂದಿನಿಂದ ಸರಿಯಿರಲಿಲ್ಲ, ಮೆಟ್ಟಿಲಿಗೆ ಊರುಗೋಲು ಬೇಕಾಗುತ್ತಿತ್ತು. ಈ ಮಂಡಿ ಹೀಗೇ ಬಿಟ್ಟರೆ ಮುಂದೆ ಕಷ್ಟ ಎಂದು ಡಾಕ್ಟರು ಮಗನೆದುರೇ ಹೇಳಿದ್ದರು. ಈಗ ಎಲ್ಲ ಸಾಲಾಗಿ ನಿಂತಿತು. ಅಗಲದ ಬಾಗಿಲು, ಗೋಡೆಯ ಹಿಡಿ, ಕೆಳಗಿನ ಸ್ವಿಚ್ಚು, ಊರಾಚೆಯ ಪಾಳು ಬಡಾವಣೆ. ಮೂರನೆಯ ಮಹಡಿಯಲ್ಲಿ ಮುದುಕನನ್ನು ಹತ್ತಿಸಿ ಇಳಿಸುವವರು ಯಾರು? ಕೆರೆ ದಂಡೆಯಲ್ಲಿ ಕೂರಿಸಿದರೆ ಮುಗಿಯಿತು. ರಜೆ ಬಂದಾಗ ಬಂದು ನೋಡಿಕೊಂಡು ಹೋಗಬಹುದು. ಹಾಗಾದರೆ ರಜೆ ಮನೆ ಎಂದದ್ದು ಪೂರ್ತಿ ಸುಳ್ಳೂ ಅಲ್ಲ.

ಅವರು ಜಗಳವಾಡಲಿಲ್ಲ. ಮರುದಿನದಿಂದ ಊರುಗೋಲನ್ನು ಬೀರುವಿನ ಹಿಂದೆ ಸೇರಿಸಿದರು. ಹಾಲು ತರಲು ತಾವೇ ಇಳಿದರು, ಮೂರು ಮಹಡಿಯನ್ನೂ ನಿಲ್ಲದೆ ಹತ್ತಿ, ಬಾಗಿಲಲ್ಲಿ ಏದುಸಿರು ಇಳಿಯುವವರೆಗೆ ಕಾದು ಆಮೇಲೆ ಬೆಲ್ ಒತ್ತಿದರು. ಸೈಟಿನಲ್ಲಿ ಇಬ್ಬರು ಹೊರುವ ಕಲ್ಲನ್ನು ಒಬ್ಬರೇ ಹೊತ್ತರು. ಸಂಜೆ ಮಂಡಿ ಊದಿ ಹಲಸಿನಕಾಯಿಯಂತಾದರೂ ಪಂಚೆ ಇಳಿಬಿಟ್ಟು ಮುಚ್ಚಿಕೊಂಡರು. ತಾತನಿಗೆ ಈ ವಯಸ್ಸಲ್ಲಿ ಏನು ಬಂತು, ಪೈಲ್ವಾನ್ ಆಗೋಕೆ ಹೊರಟಿದ್ದಾರಾ ಎಂದು ಮೊಮ್ಮಗಳು ನಕ್ಕಳು. ಸೊಸೆ ನಗಲಿಲ್ಲ. ಅವರ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು.

ಹೊಟ್ಟೆಯೊಳಗಿದ್ದದ್ದು ಒಂದು ದಿನ ಊಟದ ಮಧ್ಯೆ ಹೊರಗೆ ಬಂದೇಬಿಟ್ಟಿತು. ಪಲ್ಯಕ್ಕೆ ಉಪ್ಪು ಎರಡು ಪಾಲು ಬಿದ್ದಿತ್ತು. ಸಾಹೇಬರು ತಟ್ಟೆ ಪಕ್ಕಕ್ಕೆ ತಳ್ಳಿದರು.

"ಅಲ್ಲಿ ನನ್ನ ಮಂಚ ಎಲ್ಲಿ ಹಾಕ್ತೀರಿ? ಕಿಟಕಿ ಕಡೆಗೋ, ಬಾಗಿಲ ಕಡೆಗೋ?"

ಮಗ ಸೊಸೆಯ ಮುಖ ನೋಡಿದ. ಸೊಸೆ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಳಗೆ ನೋಡಿದಳು.

"ಎಲ್ಲರದ್ದೂ ಹಾಕ್ತೀವಿ ಅಪ್ಪ. ಈಗ್ಯಾಕೆ ಅದು?"

"ಎಲ್ಲರದ್ದೂ ಅಂತೆ. ನನ್ನ ಹತ್ರ ಟಿಕೆಟ್ ಇಲ್ಲ ಅಂತ ನೇರವಾಗಿ ಹೇಳು, ನಾನೇ ಇಳ್ಕೋತೀನಿ."

ಮೊಮ್ಮಗಳು ಓದುವುದಕ್ಕೆ ಇವರ ಗಲಾಟೆ ಬಿಡುತ್ತಿಲ್ಲ ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮಗ ಏನೋ ಹೇಳಲು ಬಾಯಿ ತೆರೆದ. ಸೊಸೆ ಬೇಡ ಎಂಬಂತೆ ತಲೆಯಾಡಿಸಿದ್ದು ಸಾಹೇಬರ ಕಣ್ಣಿಗೆ ಬಿತ್ತು. ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಚೀಲ ಹಿಡಿದು ಮಗಳ ಮನೆಗೆ ಹೋದರು. ಮಗಳು ಬಾಗಿಲಲ್ಲೇ ಅಪ್ಪನನ್ನು ತಬ್ಬಿಕೊಂಡಳು, ನಾನು ಹೇಳಿರಲಿಲ್ವಾ ಎಂದಳು, ಮೊದಲ ದಿನ ಮೂರು ಬಗೆ ಅಡುಗೆ ಮಾಡಿದಳು. ಎರಡನೆಯ ದಿನ ಅಳಿಯ ತನ್ನ ಪೇಪರು ಎಲ್ಲಿ ಎಂದು ಕೇಳಿದ. ಅದು ಸಾಹೇಬರ ಕೈಯಲ್ಲಿತ್ತು. ಮಾರನೆಯ ದಿನ ಮಗಳು, ಎಷ್ಟು ದಿನ ಇರ್ತೀಯ ಅಪ್ಪ, ಸುಮ್ನೆ ಕೇಳ್ದೆ, ಹಾಸಿಗೆ ಬಟ್ಟೆ ಒಗೆಯೋಕೆ ಹಾಕ್ಬೇಕಿತ್ತು ಎಂದಳು. ಅವಳ ಕತ್ತಿನ ಕಡೆ ನೋಡಬಾರದೆಂದು ಸಾಹೇಬರು ಹಟ ಹಿಡಿದು ಕೂತರು, ಆದರೂ ನೋಡಿದರು. ಸಂಜೆಯ ಬಸ್ಸಿಗೆ ಹೊರಟು ಬಂದರು. ಬಾಗಿಲು ತೆರೆದ ಸೊಸೆ ಏನೂ ಕೇಳದೆ ಅರ್ಧ ಲೋಟ ಚಹಾ ತಂದಿಟ್ಟಳು.

ಆ ವಾರದ ಕೊನೆಗೆ ಎಲ್ಲರೂ ಸೈಟಿನಲ್ಲೇ ಉಳಿದುಕೊಂಡರು. ಶನಿವಾರ ಸಂಜೆ ಮೇಸ್ತ್ರಿ ಇಳಿಜಾರಿಗೆ ಕಾಂಕ್ರೀಟು ಹಾಕಿ, ಮೇಲೆ ಗೋಣಿತಾಟು ಹೊದಿಸಿ, ನೀರು ಹಾಕುತ್ತಿರಿ, ಯಾರೂ ತುಳಿಯಬೇಡಿ ಎಂದು ಹೇಳಿ ಹೋದ. ಭಾನುವಾರ ಬೆಳಿಗ್ಗೆ ಮಗ ಪೈಪು ತರಲು ಮುಖ್ಯರಸ್ತೆಯ ಅಂಗಡಿಗೆ ಹೊರಟ. ಸಿಗ್ನಲ್ ಸಿಗುವ ಜಾಗದಲ್ಲಿ ಗೆಳತಿಗೆ ಫೋನು ಮಾಡಬೇಕೆಂದು ಮೊಮ್ಮಗಳೂ ಹೋದಳು. ಸೊಸೆ ಒಳಗೆ ಮಲಗಿದ್ದಳು. ಈಚೆಗೆ ಹೊತ್ತಿಲ್ಲ ಗೊತ್ತಿಲ್ಲ, ಮಲಗುವುದೇ ಆಗಿತ್ತು.

ಸಾಹೇಬರು ನೀರು ಹಾಕಲೆಂದು ಬಕೆಟ್ ಹಿಡಿದು ಬಂದು ಗೋಣಿತಾಟು ಎತ್ತಿದರು. ಇಳಿಜಾರು ನುಣ್ಣಗೆ, ಒದ್ದೆಯಾಗಿ, ಅಂಗಳದಿಂದ ಬಾಗಿಲವರೆಗೆ ನಾಲಿಗೆ ಚಾಚಿದ ಹಾಗೆ ಮಲಗಿತ್ತು. ಅದರ ಮೇಲೆ ತಾವು ಕುರ್ಚಿಯಲ್ಲಿ ಕೂತಿರುವುದು, ಹಿಂದಿನಿಂದ ಯಾರೋ ಸಂಬಳದವರು ತಳ್ಳುತ್ತಿರುವುದು ಅವರಿಗೆ ಸ್ಪಷ್ಟವಾಗಿ ಕಂಡಿತು. ಬಕೆಟ್ ಕೆಳಗಿಟ್ಟರು. ಬೇಲಿಗೆ ಒರಗಿಸಿದ್ದ ಹಾರೆ ತಂದರು.

ಮೊದಲ ಏಟಿಗೆ ಒಂದು ಮೂಲೆ ಮುರಿಯಿತು. ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಎರಡನೆಯದಕ್ಕೆ ನಡುವೆ ಬಿರುಕು ಬಿಟ್ಟಿತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಮಂಡಿ ಚುಚ್ಚುತ್ತಿತ್ತು, ಆದರೂ ಕೈ ನಿಲ್ಲಿಸಲಿಲ್ಲ. ಅರ್ಧ ಇಳಿಜಾರು ಹೆಂಟೆ ಹೆಂಟೆಯಾಗಿ ಎದ್ದ ಮೇಲೆ ತಲೆಯೆತ್ತಿದರೆ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಒಡೀಬೇಡಿ ಮಾವ."

"ಯಾಕೆ ಒಡೀಬಾರದು? ನನ್ನ ಕಾಲು ಇನ್ನೂ ನೆಟ್ಟಗಿದೆ. ನನಗೆ ಮೆಟ್ಟಿಲು ಸಾಕು. ಇಲ್ಲಿ ತಂದು ಬಿಸಾಕ್ತೀವಿ ಅಂತ ಮೊದಲೇ ಹೇಳಿದ್ರೆ ನನ್ನ ದಾರಿ ನಾನು ನೋಡ್ಕೊಳ್ತಿರ್ಲಿಲ್ವಾ?"

"ಅದು ನಿಮಗಲ್ಲ."

"ಮತ್ತ್ಯಾರಿಗೆ?"

"ನನಗೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೊದಲು ಒಂದು ಕಾಲು ಮಡಿಸಿ, ಆಮೇಲೆ ಇನ್ನೊಂದನ್ನು ಕೈಯಿಂದಲೇ ಎಳೆದುಕೊಂಡು ನೆಲದ ಮೇಲೆ ಕೂತಳು. ಅವಳು ಹೀಗೆ ಕೂರುವುದನ್ನು ಸಾಹೇಬರು ವಾರಗಳಿಂದ ನೋಡಿದ್ದರು. ಸೋಮಾರಿಗಳು ಹೀಗೇ ಕೂರುವುದು ಎಂದುಕೊಂಡಿದ್ದರು.

ಅವಳು ಬಲಗೈ ಮುಂದೆ ಚಾಚಿದಳು. ಹೆಬ್ಬೆರಳ ಬುಡದ ಮಾಂಸ ಕರಗಿ ಅಲ್ಲೊಂದು ಗುಂಡಿ ಬಿದ್ದಿತ್ತು. ಸೂಜಿ ಕೈಜಾರುವುದರಿಂದ ಶುರುವಾಯಿತು ಎಂದಳು. ಮೊದಮೊದಲು ಕಣ್ಣಿನ ದೋಷ ಎಂದುಕೊಂಡಳಂತೆ. ಆಮೇಲೆ ಕತ್ತರಿ ಹಿಡಿಯಲಾಗಲಿಲ್ಲ, ಆಮೇಲೆ ಕಾಲು ಎಡವತೊಡಗಿತು. ಗಂಡ ಹೆಂಡತಿ ಇಬ್ಬರೂ ದೊಡ್ಡ ಆಸ್ಪತ್ರೆಗೆ ಹೋಗಿ ಬಂದಿದ್ದರು. ನರದ ಕಾಯಿಲೆ, ಬಲ ಸ್ವಲ್ಪ ಸ್ವಲ್ಪವೇ ಇಳಿದುಹೋಗುತ್ತದೆ, ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದಿದ್ದರು. ಕುರ್ಚಿ ಬೇಕಾಗುತ್ತದೆ, ಇವತ್ತಲ್ಲದಿದ್ದರೆ ನಾಳೆ. ಮೂರನೆಯ ಮಹಡಿಯಲ್ಲಿ ಅದಾಗದ ಮಾತು. ನೆಲದ ಮೇಲಿನ ಮನೆ ಅವರ ಕೈಗೆಟುಕುವ ಬೆಲೆಗೆ ಸಿಕ್ಕಿದ್ದು ಇಲ್ಲಿ ಮಾತ್ರ. ಇದು ರಜೆ ಮನೆಯಲ್ಲ, ಎಲ್ಲರೂ ಬಂದು ಇರುವ ಮನೆ. ಕಿಟಕಿಯ ಕಡೆಯ ಜಾಗ ಸಾಹೇಬರಿಗೇ ಎಂದು ಮೊದಲೇ ತೀರ್ಮಾನವಾಗಿತ್ತು.

ಸಾಹೇಬರು ಹಾರೆಯನ್ನು ನೆಲಕ್ಕೂರಿ ಅದರ ಮೇಲೆ ಭಾರ ಹಾಕಿ ನಿಂತರು. ಚಹಾ ಅರ್ಧ ಲೋಟಕ್ಕಿಳಿದದ್ದು ತುಳುಕಬಾರದೆಂದು. ಟಕ್ ಎಂಬ ಸದ್ದು ಸಿಟ್ಟಿನದಲ್ಲ. ಉಪ್ಪಿನ ಡಬ್ಬಿ ಕೈಯಿಂದ ಜಾರಿತ್ತು. ಒಂದೊಂದಾಗಿ ಎಲ್ಲ ತಿರುಗಿ ನಿಂತು ಅವರನ್ನೇ ನೋಡತೊಡಗಿದವು.

"ಮಗೂಗೆ ಗೊತ್ತಾ?" ಎಂದರು.

"ಇಲ್ಲ. ಈಗ ಹೇಳಿದ್ರೆ ಪುಸ್ತಕ ಮಡಿಸಿಟ್ಟು ನನ್ನ ಪಕ್ಕ ಕೂತ್ಬಿಡ್ತಾಳೆ. ಪರೀಕ್ಷೆ ಮುಗೀಲಿ."

"ನನಗಾದ್ರೂ ಹೇಳಬಹುದಿತ್ತು."

"ನಿಮಗೆ ಹೇಳಿದ್ರೆ ಸಂಜೆ ಒಳಗೆ ನಿಮ್ಮ ಮಗಳಿಗೆ ಗೊತ್ತಾಗುತ್ತೆ." ಅವಳು ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಇನ್ನೊಂದೂ ಇದೆ ಮಾವ. ನೀವು ನನ್ನನ್ನ ಯಾವಾಗ್ಲೂ ಅನುಮಾನದಿಂದ ನೋಡ್ತೀರಿ. ಅದು ನನಗೆ ಅಭ್ಯಾಸ ಆಗಿದೆ, ಒಂಥರಾ ಧೈರ್ಯಾನೂ ಹೌದು. ನೀವೂ ಅಯ್ಯೋ ಪಾಪ ಅಂತ ನೋಡೋಕೆ ಶುರು ಮಾಡಿದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಕ್ಷಮಿಸು ಎನ್ನುವ ಮಾತು ಸಾಹೇಬರಿಗೆ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಗಾಡಿಯ ಸದ್ದಾಯಿತು. ಸೊಸೆ ಏಳಲು ಹೋದಳು, ಆಗಲಿಲ್ಲ. ಸಾಹೇಬರು ಹತ್ತಿರ ಹೋಗಿ, ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರು. ಅವಳು ಹಗುರಾಗಿದ್ದಳು. ಒಳಗೆ ಹೋಗಿ ಮಲಕ್ಕೋ, ನೀನು ಇದನ್ನು ನೋಡಿಯೇ ಇಲ್ಲ ಎಂದರು.

ಮೊಮ್ಮಗಳು ಗಾಡಿಯಿಂದ ಇಳಿದವಳೇ ಒಡೆದ ಕಾಂಕ್ರೀಟು ನೋಡಿ ನಿಂತುಬಿಟ್ಟಳು. ಯಾರು ಮಾಡಿದ್ದು ಎಂದಳು.

"ನಾನೇ," ಎಂದರು ಸಾಹೇಬರು. "ನನಗೆ ಈ ಜಾರುಬಂಡೆ ಹಿಡಿಸಲಿಲ್ಲ. ಮನೆ ಅಂದ್ಮೇಲೆ ಮೆಟ್ಟಿಲು ಇರಬೇಕು."

"ಅಪ್ಪ ಈ ಬಿಸಿಲಲ್ಲಿ ಸಾಯ್ತಾ ಇದ್ದಾರೆ ತಾತ. ನಿನಗೆ ಹಿಡಿಸಲಿಲ್ಲ ಅಂತ ಒಡೆದುಬಿಟ್ಟೆಯಾ?"

"ಹೂಂ."

ಅವಳು ತಾತನನ್ನು ತಲೆಯಿಂದ ಕಾಲಿನವರೆಗೆ ನೋಡಿದ ಆ ನೋಟ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನ ತುಂಬ ಜನರ ಎದುರು ಸಿಕ್ಕಿಬಿದ್ದವನನ್ನು ತಾವು ಎಷ್ಟೋ ಸಲ ಹಾಗೆ ನೋಡಿದ್ದರು. ಮಗ ಪೈಪುಗಳನ್ನು ಹೆಗಲಿನಿಂದ ಎಸೆದು ಸಿಟ್ಟಿನಿಂದ ಮುಂದೆ ಬಂದ. ಅಪ್ಪನ ಮುಖ ಹತ್ತಿರದಿಂದ ಕಂಡೊಡನೆ ನಿಂತ. ಮನೆಯೊಳಗೆ ಹೋಗಿ ಬಂದವನು ಸದ್ದಿಲ್ಲದೆ ಬಾಂಡ್ಲಿ ತಂದಿಟ್ಟ. ಅಪ್ಪ ಮಗ ಇಬ್ಬರೂ ಕೂತು ಒಡೆದ ಚೂರುಗಳನ್ನು ಆಯ್ದರು.

ಮುಂದಿನ ವಾರಗಳು ಸಾಹೇಬರಿಗೆ ಸುಲಭವಾಗಿರಲಿಲ್ಲ. ಮೊಮ್ಮಗಳು ಅವರ ಜೊತೆ ಮಾತು ಬಿಟ್ಟಳು. ಪರೀಕ್ಷೆಯ ಬೆಳಿಗ್ಗೆಗಳಲ್ಲಿ ಅಪ್ಪ ಅಮ್ಮನಿಗೆ ಹೇಳಿ ಹೊರಡುತ್ತಿದ್ದಳು, ತಾತನ ಕುರ್ಚಿಯನ್ನು ಮಾತ್ರ ಬಳಸಿಕೊಂಡು ಹೋಗುತ್ತಿದ್ದಳು. ಅಮ್ಮ ಸೊರಗುತ್ತಿರುವುದು ಅವಳಿಗೂ ಕಂಡಿತ್ತು, ಅದಕ್ಕೂ ತಾತನೇ ಕಾರಣ ಎಂದು ಅವಳು ನಂಬಿದ್ದಳು. ಅಮ್ಮನ ಕೈಲಿ ಇನ್ನೂ ಎಷ್ಟು ಚಾಕರಿ ಮಾಡಿಸ್ತೀಯ ಎಂದು ಒಂದು ದಿನ ಮುಖದ ಮೇಲೆ ಹೇಳಿದಳು. ಸಾಹೇಬರು ಪೇಪರಿನ ಪುಟ ತಿರುಗಿಸಿದರು. ಅವಳು ಬಾಗಿಲು ಹಾಕಿಕೊಂಡು ಹೋದ ಮೇಲೆ ಎದ್ದು, ತರಕಾರಿ ಹೆಚ್ಚಿ, ಅಕ್ಕಿ ತೊಳೆದು, ಪಾತ್ರೆ ಉಜ್ಜಿ, ಅವಳು ಬರುವ ಹೊತ್ತಿಗೆ ಮತ್ತೆ ಪೇಪರು ಹಿಡಿದು ಕೂತಿರುತ್ತಿದ್ದರು.

ಸೊಸೆಯ ವಿಷಯದಲ್ಲಿ ಅವರು ಇನ್ನೊಂದು ನಿಯಮ ಹಾಕಿಕೊಂಡಿದ್ದರು. ಅವಳು ಅಡುಗೆಮನೆಯಿಂದ ಹೊರಬಂದರೆ ಹುಬ್ಬು ಗಂಟಿಕ್ಕಿ ನೋಡುವುದು. ಚಹಾಕ್ಕೆ ಸಕ್ಕರೆ ಹಾಕಿದ್ದೀಯೋ ತೋರಿಸಿ ತೆಗೆದಿದ್ದೀಯೋ ಎಂದು ಕೇಳುವುದು. ಸೊಸೆಗೆ ಅದು ಮೊದಲ ದಿನವೇ ಅರ್ಥವಾಯಿತು. ನಿಮಗೆ ಬೇಕಾದಷ್ಟು ಹಾಕೋಕೆ ಸಕ್ಕರೆ ಕಾರ್ಖಾನೆ ಇಲ್ಲ ಮಾವ ಎಂದು ತಿರುಗಿ ಹೇಳಿದಳು. ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಹಲ್ಲು ಕಡಿದಳು. ಇತ್ತ ಮಾವ ಸೊಸೆ ಇಬ್ಬರಿಗೂ ಅದು ದಿನದ ಅತ್ಯಂತ ಹಗುರಾದ ಗಳಿಗೆಯಾಗಿತ್ತು.

ಮಗಳ ಫೋನು ಬರುತ್ತಲೇ ಇತ್ತು. ಆ ಮನೆ ಕಥೆ ಏನಾಯ್ತು, ಏನೋ ಮುಚ್ಚಿಡ್ತಿದ್ದಾರೆ ಅಲ್ವಾ ಎಂದು ಅವಳು ಕೆದಕಿದರೆ, ಏನೂ ಇಲ್ಲ, ನನಗೇ ಬಿಸಿಲಿಗೆ ತಲೆ ಕೆಟ್ಟಿತ್ತು ಎನ್ನುತ್ತಿದ್ದರು. ಜೀವನದಲ್ಲಿ ಮೊದಲ ಬಾರಿ ಅವರ ಕತ್ತು ಕಿಟಕಿಯ ಕಡೆ ತಿರುಗಿರುತ್ತಿತ್ತು. ಫೋನಿನಲ್ಲಿ ಅದು ಕಾಣುವುದಿಲ್ಲವೆಂಬುದೊಂದೇ ಸಮಾಧಾನ.

ಕೊನೆಯ ಪರೀಕ್ಷೆ ಮುಗಿದ ದಿನ ಸೊಸೆ ತನ್ನ ಮಗಳನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಹೊರಗೆ ಅಪ್ಪ ಮಗ ಇಬ್ಬರೂ ಎದುರು ಬದುರು ಕೂತರು. ಒಳಗಿನಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ಅಳು ಕೇಳಿತು, ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆ, ತಡೆಯಿಲ್ಲದ ಅಳು. ಮಗ ಎದ್ದು ಬಾಗಿಲವರೆಗೆ ಹೋಗಿ, ತಟ್ಟದೆ ವಾಪಸ್ಸು ಬಂದ.

ಬಹಳ ಹೊತ್ತಿನ ಮೇಲೆ ಮೊಮ್ಮಗಳು ಹೊರಗೆ ಬಂದಳು. ನೇರ ಬಂದು ಸಾಹೇಬರ ಪಕ್ಕ ನೆಲದ ಮೇಲೆ ಕೂತು ಅವರ ಊದಿದ ಮಂಡಿಗೆ ತಲೆಯಾನಿಸಿದಳು. ನೋವಾಯಿತು, ಅವರು ಕಾಲು ಸರಿಸಲಿಲ್ಲ.

"ನನ್ನನ್ನ ಯಾಕೆ ಬೈಯಕ್ಕೆ ಬಿಟ್ಟೆ ತಾತ?"

"ನೀನು ಪಾಸಾಗ್ಬೇಕಿತ್ತಲ್ಲ," ಎಂದರು.

ಬೇಸಿಗೆಯ ಕೊನೆಗೆ ಮನೆ ಒಂದು ಹದಕ್ಕೆ ಬಂತು. ಸುಣ್ಣಬಣ್ಣ ಆಯಿತು, ಬೇಲಿ ನಿಂತಿತು, ಬಾಗಿಲ ಮುಂದೆ ಹೊಸ ಇಳಿಜಾರು ಒಣಗಿ ಗಟ್ಟಿಯಾಯಿತು. ಮಗ ಎಲ್ಲಿಂದಲೋ ಒಂದು ಹಳೆಯ ಗಾಲಿಕುರ್ಚಿ ತಂದು, ಅಂಗಳದಲ್ಲಿಟ್ಟು, ಅಳತೆ ಸರಿಯಿದೆಯೋ ನೋಡಬೇಕು ಎಂದ. ಯಾರೂ ಹತ್ತಿರ ಹೋಗಲಿಲ್ಲ. ಸೊಸೆ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳು ಆ ಕುರ್ಚಿಯನ್ನು ಒಮ್ಮೆ ನೋಡಿ, ಕೈಪಂಪಿನ ಕಡೆ ಹೋಗಿ, ಒಗೆಯುವುದಕ್ಕೇನೂ ಇಲ್ಲದಿದ್ದರೂ ಅಲ್ಲೇ ನಿಂತುಕೊಂಡಳು. ಪಕ್ಕದ ಸೈಟಿನವರು ಬೇಲಿಯಾಚೆಯಿಂದ ಇಣುಕುತ್ತಿದ್ದರು.

ಸಾಹೇಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಕುರ್ಚಿಯ ಹತ್ತಿರ ಹೋಗಿ, ಹಿಡಿ ಅಲ್ಲಾಡಿಸಿ ನೋಡಿ, ಇದರ ಬ್ರೇಕಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಅದರಲ್ಲಿ ಕೂತರು. ಪಂಚೆ ಸರಿಮಾಡಿಕೊಂಡರು. ಮೊಮ್ಮಗಳು ಹಿಂದೆ ಬಂದು ಹಿಡಿ ಹಿಡಿದಳು. ಕುರ್ಚಿ ಕಿರ್ ಎಂದು ಹೊರಟಿತು. ಬೇಲಿಯಾಚೆಯವರು ಅಯ್ಯೋ ಎಂಬಂತೆ ತಲೆಯಾಡಿಸಿದ್ದು ಅವರಿಗೆ ಕಂಡಿತು. ಕಾಣಲಿ ಎಂದುಕೊಂಡರು. ಇಳಿಜಾರಿನ ನಡುವೆ ಮೊಮ್ಮಗಳಿಗೆ ಕೈ ಬಿಡಲು ಹೇಳಿ, ತಾವೇ ಗಾಲಿ ಹಿಡಿದು ಒತ್ತಿದರು. ಕುರ್ಚಿ ಮೇಲೇರಿ, ಹೊಸ್ತಿಲಿಲ್ಲದ ಬಾಗಿಲು ದಾಟಿ, ಒಳಗೊಂದು ಸುತ್ತು ಹಾಕಿ, ತಾನಾಗಿಯೇ ಕೆಳಗಿಳಿದು ಅಂಗಳದಲ್ಲಿ ನಿಂತಿತು.

ಪರವಾಗಿಲ್ಲ, ಹೋಗುತ್ತೆ ಎಂದು ಸಾಹೇಬರು ಎದ್ದು ನಿಂತರು. ಕುರ್ಚಿಯನ್ನು ಯಾರ ಕಡೆಗೂ ತಿರುಗಿಸಲಿಲ್ಲ. ಸೊಸೆಯ ಕಡೆ ನೋಡಲೂ ಇಲ್ಲ.

ಕೈಪಂಪಿನ ಹತ್ತಿರದಿಂದ ಸೊಸೆ ನಿಧಾನವಾಗಿ ಬಂದಳು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಗಂಡ ಮುಂದೆ ಬಂದಾಗ ಬೇಡ ಎಂದಳು. ಕುರ್ಚಿಯ ತೋಳು ಹಿಡಿದು, ತಿರುಗಿ, ಕೂತಳು. ಮೊಮ್ಮಗಳು ಹಿಂದೆ ಬಂದಾಗ, ತಳ್ಳಬೇಡ, ನಾನೇ ಹೋಗ್ತೀನಿ ಎಂದಳು. ಎರಡು ಸಲ ಹಿಂದೆ ಜಾರಿತು. ಮೂರನೆಯ ಸಲ ಮೇಲೇರಿತು. ಬಾಗಿಲಿನ ಎರಡೂ ಕಡೆ ಜಾಗ ಬಿಟ್ಟು ಕುರ್ಚಿ ಒಳಗೆ ಹೋಗಿ ಕಾಣದಾಯಿತು. ಹೊರಗಿದ್ದ ಮೂವರೂ ಬಾಗಿಲ ಕಡೆ ಕಿವಿಗೊಟ್ಟರು.

ಒಳಗೆ ಗಾಲಿಗಳು ಅಡುಗೆಮನೆಯ ಕಡೆ ತಿರುಗಿದ ಸದ್ದು ಕೇಳಿತು. ಒಂದು ಪಾತ್ರೆ ಸರಿಯಿತು, ಇನ್ನೊಂದು ಉರುಳಿತು. ಆಮೇಲೆ ಸೊಸೆಯ ದನಿ, ಸ್ವಲ್ಪ ಏರಿಯೇ, ಹೊರಗೆ ಬಂತು.

"ಈ ಹಲಗೆ ಇನ್ನೂ ಕೆಳಗೆ ಬರಬೇಕು. ಇಷ್ಟು ಮೇಲಿಟ್ಟರೆ ಅಡುಗೆ ನೀವೇ ಮಾಡ್ಕೊಳ್ಳಿ."

ಮಗ ಸ್ಕ್ರೂಡ್ರೈವರ್ ಹುಡುಕುತ್ತ ಗಾಡಿಯ ಕಡೆ ಓಡಿದ. ಸಾಹೇಬರು ಇಳಿಜಾರಿನ ಅಂಚಿನಲ್ಲಿ ಕೂತು, ಯಾರಿಗೂ ಮುಚ್ಚಿಡದೆ, ಮೊದಲ ಬಾರಿ ಎಲ್ಲರೆದುರು ತಮ್ಮ ಮಂಡಿ ನೀವಿಕೊಂಡರು.